ಬೆನೆಟ್ಟರ ಐದು ಹೆಣ್ಣುಮಕ್ಕಳೂ ನಮ್ಮ ನಾಲ್ಕು ತಾಲೂಕುಗಳೂ

ಆಂಗ್ಲ ಕಾದಂಬರಿಯ ಮಾತು ಬಂದಾಗ ನಮ್ಮ ಸುಶಿಕ್ಷಿತರು ಎರಡು ಪಂಗಡಗಳಾಗಿ ಒಡೆಯುತ್ತಾರೆ. ಜೇನ್ ಆಸ್ಟೆನ್ ಎಂಬ ವಿದುಷಿಯು ಬರೆದು 1813ರಲ್ಲಿ ಪ್ರಕಟವಾದ ‘ಪ್ರೈಡ್ ಆಂಡ್ ಪ್ರೆಜುಡಿಸ್’, ಅಂದರೆ ಗರ್ವ ಮತ್ತು ಪೂರ್ವಗ್ರಹ, ಎಂಬ ಗ್ರಂಥವನ್ನು ಒಂದು ಪಂಗಡದವರು ಸಭ್ಯತೆಯ ಪಾಠಪುಸ್ತಕವೆಂದೇ ಎಣಿಸಿರುವರು. ಅತಿಥಿಯನ್ನು ಹೇಗೆ ಬರಮಾಡಿಕೊಳ್ಳಬೇಕು, ಪತ್ರಕ್ಕೆ ಹೇಗೆ ಉತ್ತರ ಕೊಡಬೇಕು, ಸಿಟ್ಟನ್ನು ನಗೆಯಲ್ಲಿ ಹೇಗೆ ಅಡಗಿಸಬೇಕು ಎಂಬದನ್ನು ನಮ್ಮ ಮಕ್ಕಳು ಅದರಿಂದ ಕಲಿಯಬೇಕಂತೆ. ಇನ್ನೊಂದು ಪಂಗಡದವರು, ಅದು ಹೊಟ್ಟೆ ತುಂಬಿದವರ ಮದುವೆಯ ಹರಟೆ, ದೇಶಕಾರ್ಯಕ್ಕೆ ಅದರಿಂದ ಏನೂ ಆಗತಕ್ಕದ್ದಿಲ್ಲವೆಂದು ಮೂಗು ಮುರಿಯುವರು. ಈ ಇಬ್ಬರೂ ಒಂದು ಮಾತಿನಲ್ಲಿ ಮಾತ್ರ ಒಮ್ಮತದವರು. ಅಂಥ ಕಾದಂಬರಿಯು ಕನ್ನಡದ ಬೆಳೆಯಲ್ಲ. ಅದರಲ್ಲಿಯೂ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗೆಗಳ ಸೀಮೆಯಲ್ಲಿ ಹಾಗೆ ಬರೆಯತಕ್ಕ ‘ಸಮಾಜ’ವೇ ಇಲ್ಲವೆಂಬದು ಅವರ ಸಿದ್ಧಾಂತ. ಈ ಸಿದ್ಧಾಂತವು ಅಜ್ಞಾನದಿಂದ ಹುಟ್ಟಿದ್ದೆಂದು ನಾನು ಹೇಳುತ್ತೇನೆ. ಅವರು ನಮ್ಮ ಸೀಮೆಯನ್ನೂ ಅರಿಯರು. ಅದಕ್ಕಿಂತ ಹೆಚ್ಚಾಗಿ, ತಾವು ಹೊಗಳುವ ಅಥವಾ ತೆಗಳುವ ಆ ಪುಸ್ತಕವನ್ನೇ ಅರಿಯರು.

ಆ ಪುಸ್ತಕದ ಬುಡದಲ್ಲಿರುವದು ಪ್ರೇಮವಲ್ಲ, ಒಂದು ದಸ್ತಾವೇಜು. ಬೆನೆಟ್ ಸಾಹೇಬರಿಗೆ ವರ್ಷಕ್ಕೆ ಎರಡು ಸಾವಿರ ಪೌಂಡುಗಳ ಉತ್ಪನ್ನದ ಜಮೀನುಂಟು, ಐದು ಹೆಣ್ಣುಮಕ್ಕಳುಂಟು, ಗಂಡುಮಗನಿಲ್ಲ. ಹಿಂದಿನವರು ಬರೆದಿಟ್ಟ ಕಾಗದದ ಪ್ರಕಾರ, ಗಂಡು ಸಂತಾನವಿಲ್ಲದಿದ್ದರೆ ಆ ಜಮೀನು ಕಾಲಿನ್ಸ್ ಎಂಬ ದಾಯಾದಿಗೆ ಹೋಗತಕ್ಕದ್ದು. ಇದಕ್ಕೆ ಆಂಗ್ಲ ಕಾಯ್ದೆಯಲ್ಲಿ ‘ಎಂಟೇಲ್’ ಎಂದು ಹೆಸರು. ಸಾಹೇಬರು ಬದುಕಿರುವ ತನಕ ಉಣ್ಣಬಹುದು, ಮಾರುವಂತಿಲ್ಲ, ಮಕ್ಕಳಿಗೆ ಬರೆದುಕೊಡುವಂತಿಲ್ಲ. ಗ್ರಂಥದ ಮೊದಲನೆಯ ವಾಕ್ಯವು ಹಣವುಳ್ಳ ಅವಿವಾಹಿತನಿಗೆ ಹೆಂಡತಿ ಬೇಕೆಂದು ಜಗತ್ತೇ ಒಪ್ಪಿದ ಸತ್ಯದಂತೆ ಸಾರುತ್ತದೆ. ಆದರೆ ಪುಸ್ತಕವೆಲ್ಲ ತೋರಿಸುವದು ಅದರ ವಿರುದ್ಧ: ಹಣವಿಲ್ಲದ ಹೆಣ್ಣಿಗೆ ಗಂಡ ಬೇಕು, ಇಲ್ಲದಿದ್ದರೆ ತಂದೆಯು ಸತ್ತ ಮರುದಿನ ನೆರಳಿಲ್ಲ. ಮೊದಲ ವಾಕ್ಯದ ಈ ಚೇಷ್ಟೆಯನ್ನು ಗ್ರಹಿಸದವನು ಮುಂದಿನ ಅರುವತ್ತೊಂದು ಅಧ್ಯಾಯಗಳಲ್ಲಿ ಔತಣದ ತಟ್ಟೆಗಳನ್ನು ಎಣಿಸುತ್ತ ಕುಳಿತಾನು.

ಬೆನೆಟ್ ಬಾಯಿಯವರನ್ನು ನೋಡಿ ಎಲ್ಲರೂ ನಗುವರು. ಹದಿಮೂರನೆಯ ಅಧ್ಯಾಯದಲ್ಲಿ ಮುಂಜಾನೆಯ ಉಪಾಹಾರದ ಹೊತ್ತಿಗೆ ಕಾಲಿನ್ಸನ ಪತ್ರ ಬಂದ ಸುದ್ದಿ ಹೊರಡುತ್ತದೆ. ಹಿರಿಯ ಹೆಣ್ಣುಮಕ್ಕಳಾದ ಜೇನಳೂ ಎಲಿಝಬೆತ್ತಳೂ ಎಂಟೇಲಿನ ಸ್ವರೂಪವನ್ನು ತಾಯಿಗೆ ತಿಳಿಸಿ ಹೇಳಲು ಯತ್ನಿಸುವರು. ಅವರು ಹಿಂದೆಯೂ ಬಹಳ ಸಲ ಹಾಗೆ ಯತ್ನಿಸಿದವರೇ. ತಾಯಿಗೆ ತಿಳಿಯುವದಿಲ್ಲ. ಐದು ಹೆಣ್ಣುಮಕ್ಕಳಿಂದ ಕಿತ್ತು, ಯಾರಿಗೂ ಬೇಡದ ಒಬ್ಬನಿಗೆ ಆಸ್ತಿ ಕೊಡುವದು ಎಂಥ ಕ್ರೌರ್ಯವೆಂದು ಆಕೆ ಬಯ್ಯುತ್ತಲೇ ಇರುವಳು. ಆಕೆಯ ತಂದೆಯು ಮೆರಿಟನ್ ಊರಿನ ವಕೀಲನಾಗಿದ್ದನೆಂಬದನ್ನು ನೆನೆದರೆ ವಿನೋದವು ಇನ್ನೂ ಹೆಚ್ಚುತ್ತದೆ. ನಮ್ಮ ಕಸುಬಿನವರ ಮನೆಗಳಲ್ಲಿ ಕಾಯ್ದೆಯ ಜ್ಞಾನವು ಹೊಸ್ತಿಲು ದಾಟುವದು ಅಪರೂಪವೆಂಬದನ್ನು ನಾನೂ ಬಲ್ಲೆ. ತರಗತಿಯಲ್ಲಿ ಮಾಸ್ತರರು ನಗಿಸುವರು, ಹುಡುಗರು ನಗುವರು, ಪಾಠ ಮುಗಿಯುವದು.

ಆದರೆ ನಗುವ ಮಾಸ್ತರರು ಇಪ್ಪತ್ತೊಂಬತ್ತನೆಯ ಅಧ್ಯಾಯಕ್ಕೆ ಬಂದಾಗ ಸ್ವಲ್ಪ ನಿಲ್ಲಬೇಕು. ಅಲ್ಲಿ ಕ್ಯಾಥರಿನ್ ದೊರೆಸಾನಿಯು ಇದ್ದಾಳೆ. ಸೊಕ್ಕಿನ ಮೂರ್ತಿ, ಬೆನೆಟ್ ಬಾಯಿಯಂಥವರನ್ನು ಹೊಸ್ತಿಲಿನಲ್ಲಿಯೂ ನಿಲ್ಲಗೊಡದವಳು. ಅವಳು ಎಲಿಝಬೆತ್ತಳೊಡನೆ ಹೇಳುವದೇನು? ಹೆಣ್ಣು ಸಂತತಿಯಿಂದ ಆಸ್ತಿಯನ್ನು ತಪ್ಪಿಸಲು ತನಗೆ ಯಾವ ಕಾರಣವೂ ಕಾಣುವದಿಲ್ಲ. ತನ್ನ ಗಂಡನ ಮನೆತನದಲ್ಲಿ ಅದರ ಅವಶ್ಯಕತೆ ಯಾರಿಗೂ ತೋರಲಿಲ್ಲ. ಮೂರ್ಖಳೆಂದು ನಾವು ನಕ್ಕ ಬಾಯಿಯ ಮಾತೂ ಈ ದೊರೆಸಾನಿಯ ಮಾತೂ ಒಂದೇ! ಇಡೀ ಪುಸ್ತಕದಲ್ಲಿ ಈ ಇಬ್ಬರು ಒಮ್ಮತಕ್ಕೆ ಬರುವ ವಿಷಯ ಬೇರೊಂದು ನನಗೆ ಕಂಡಿಲ್ಲ. ಇದರ ಅರ್ಥವೇನು? ಎಂಟೇಲೆಂಬದು ದೈವನಿಯಮವಲ್ಲ, ದೇಶದ ಸಾರ್ವತ್ರಿಕ ಕಾಯ್ದೆಯೂ ಅಲ್ಲ. ಒಂದು ಮನೆತನದವರು ಕಾಗದ ಬರೆದರು, ಇನ್ನೊಂದು ಮನೆತನದವರು ಬರೆಯಲಿಲ್ಲ. ಬರೆದ ಮನೆಯ ಐವರು ಭಿಕಾರಿಗಳಾಗುವ ಅಂಚಿನಲ್ಲಿದ್ದಾರೆ. ಬರೆಯದ ಮನೆಯ ಒಬ್ಬಳು ರೋಗಿಷ್ಠ ಹುಡುಗಿಯು ಅರಮನೆಗೆ ಒಡತಿಯಾಗಿದ್ದಾಳೆ. ಗ್ರಂಥಕರ್ತ್ರಿಯು ಇದನ್ನು ಎಲ್ಲಿಯೂ ಉಪದೇಶಿಸುವದಿಲ್ಲ. ಚಹದ ಹೊತ್ತಿನ ಒಂದು ಮಾತಿನಲ್ಲಿ ಇಟ್ಟು ಮುಂದೆ ಹೋಗುತ್ತಾಳೆ.

ಐವತ್ತನೆಯ ಅಧ್ಯಾಯವನ್ನು ವಕೀಲರೆಲ್ಲರೂ ಓದತಕ್ಕದ್ದು. ಬೆನೆಟ್ ಸಾಹೇಬರು ಲಗ್ನವಾದಾಗ ಉಳಿತಾಯವು ವ್ಯರ್ಥವೆಂದು ತಿಳಿದಿದ್ದರಂತೆ. ಮಗನು ಹುಟ್ಟಿಯೇ ಹುಟ್ಟುವನು, ಅವನು ಪ್ರಾಯಕ್ಕೆ ಬಂದಕೂಡಲೆ ತಂದೆಯೊಡನೆ ಸೇರಿ ಎಂಟೇಲನ್ನು ಕಡಿದುಹಾಕುವನು, ಹೆಂಡತಿ ಮಕ್ಕಳಿಗೆ ದಾರಿಯಾಗುವದು. ಒಂದರ ಮೇಲೊಂದು ಐದು ಹೆಣ್ಣು. ಕೊನೆಯ ಮಗಳು ಹುಟ್ಟಿ ಎಷ್ಟೋ ವರುಷಗಳ ತನಕವೂ ತಾಯಿಯು ಮಗನು ಬರುವನೆಂದೇ ನಂಬಿದ್ದಳು. ಆಶೆ ಬಿಟ್ಟಾಗ ಉಳಿಸುವ ಕಾಲ ಮೀರಿತ್ತು. ತಾಯಿಗೂ ಮಕ್ಕಳಿಗೂ ಕೂಡಿ ಒಟ್ಟು ಐದು ಸಾವಿರ ಪೌಂಡು ಮಾತ್ರ ಗೊತ್ತುಪಡಿಸಿದ್ದಿತು. ವಾಚಕರೇ, ಇದು ಇಂಗ್ಲಂಡದ ಕಥೆಯೆಂದು ಯಾರು ಹೇಳಬೇಕು? ಗಂಡು ಹುಟ್ಟಲೆಂದು ಹರಕೆ ಹೊತ್ತು ಐದನೆಯ ಹೆಣ್ಣಿಗೆ ‘ಸಾಕವ್ವ’ನೆಂದು ಹೆಸರಿಡುವ ಮನೆಗಳು ನಮ್ಮ ಸೀಮೆಯ ಹಳ್ಳಿಗಳಲ್ಲಿ ಕಡಿಮೆಯೆ?

ಎಲಿಝಬೆತ್ತಳ ಗೆಳತಿಯಾದ ಶಾರ್ಲಟ್ ಲೂಕಸಳ ಸಂಗತಿಯು ಇದಕ್ಕಿಂತಲೂ ಕಠೋರವಾದದ್ದು. ಕಾಲಿನ್ಸನು ಮೊದಲು ಎಲಿಝಬೆತ್ತಳನ್ನು ಕೇಳುತ್ತಾನೆ. ನಿನ್ನ ಪಾಲಿಗೆ ಬರುವದು ನೂರಕ್ಕೆ ನಾಲ್ಕರ ಬಡ್ಡಿಯ ಒಂದು ಸಾವಿರ ಪೌಂಡು, ಅದೂ ತಾಯಿಯ ಮರಣಾನಂತರ; ಲಗ್ನವಾದ ಮೇಲೆ ಆ ವಿಷಯದಲ್ಲಿ ನಾನು ನಿನ್ನನ್ನು ಹಂಗಿಸುವದಿಲ್ಲ ಎನ್ನುತ್ತಾನೆ. ಪ್ರೇಮನಿವೇದನೆಯೋ, ಸಾವಕಾರನ ಕಿರ್ದಿಯೋ ತಿಳಿಯದು. ಅವಳು ತಿರಸ್ಕರಿಸಿದ ಮೂರನೆಯ ದಿವಸದಲ್ಲಿ ಅವನೇ ಶಾರ್ಲಟ್ಟಳನ್ನು ಕೇಳಿ ಪಡೆಯುತ್ತಾನೆ. ಅವಳಿಗೆ ಇಪ್ಪತ್ತೇಳು ವಯಸ್ಸು, ರೂಪವಿಲ್ಲ, ಹಣವಿಲ್ಲ. ಗಂಡು ಮೂರ್ಖನೆಂದು ಬಲ್ಲಳು. ಆದರೂ ಹಸಿವೆಯಿಂದ ಪಾರಾಗಲು ಮರ್ಯಾದೆಯ ದಾರಿ ಅದೊಂದೇ. ಸುದ್ದಿ ಕೇಳಿದ ಕೂಡಲೆ ಅವಳ ತಾಯಿಯು ಮಾಡುವದೇನು? ಬೆನೆಟ್ ಸಾಹೇಬರು ಇನ್ನೆಷ್ಟು ವರ್ಷ ಬದುಕಿಯಾರೆಂದು ಲೆಕ್ಕ ಹಾಕತೊಡಗುತ್ತಾಳೆ. ತಮ್ಮಂದಿರಿಗೆ ಅಕ್ಕನು ಮುದಿಗನ್ಯೆಯಾಗಿ ತಮ್ಮ ಮೇಲೆ ಬೀಳುವ ಭಯ ತಪ್ಪಿತು. ಎಲ್ಲರೂ ಒಳ್ಳೆಯವರು, ಸಭ್ಯರು. ಇದನ್ನು ಸಭ್ಯತೆಯ ಪಾಠವೆಂದು ಬೋಧಿಸುವವರಿಗೆ ನನ್ನ ನಮಸ್ಕಾರ.

ಇನ್ನು ನಮ್ಮ ಕಡೆಗೆ ಬರುವಾ. ಬೆನೆಟ್ ಸಾಹೇಬರು ಯಲಬುರ್ಗೆಯ ಒಬ್ಬ ಹಿಂದೂ ಜಮೀನುದಾರರಾಗಿದ್ದರೆ ಏನಾಗುತ್ತಿತ್ತು? ನಮ್ಮ ಹಿಂದೂ ಕಾಯ್ದೆಯ ಮೂಲವಾದ ‘ಮಿತಾಕ್ಷರಾ’ವನ್ನು ಬರೆದ ವಿಜ್ಞಾನೇಶ್ವರನು ಎಲ್ಲಿಯವನೋ ಅಲ್ಲ, ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದವನು. ಬಂಗಾಳವನ್ನು ಬಿಟ್ಟರೆ ಹಿಂದುಸ್ತಾನದ ಬಹುಭಾಗದ ಕೋರ್ಟುಗಳು ಈ ಕಲ್ಯಾಣದ ಗ್ರಂಥವನ್ನೇ ಪ್ರಮಾಣವೆಂದು ಹಿಡಿದವು. ಪಾಲಾಗಿ ಬೇರೆಯಾದವನು ಗಂಡುಮಗನಿಲ್ಲದೆ ಸತ್ತರೆ ಮೊದಲು ಹೆಂಡತಿಗೆ, ಆ ಮೇಲೆ ಹೆಣ್ಣುಮಕ್ಕಳಿಗೆ ಆಸ್ತಿ ಹೋಗತಕ್ಕದ್ದೆಂದು ಅದರಲ್ಲಿ ಕ್ರಮವಿದೆ. ಮುಂದೆ ಬ್ರಿಟಿಶ್ ನ್ಯಾಯಾಸನಗಳು ಅದನ್ನು ಜೀವಮಾನದ ಹಕ್ಕೆಂದು ಕುಗ್ಗಿಸಿದವೆಂಬದು ಬೇರೆ ಮಾತು. ಅಂತೂ ಬೇರೆಯಾಗಿದ್ದ ಬೆನೆಟ್ಟರ ಹಿತ್ತಲಲ್ಲಿ ಕಾಲಿನ್ಸನು ಕಾಯುತ್ತ ಕೂಡ್ರಬೇಕಾಗುತ್ತಿತ್ತು. ಆದರೆ ಕೂಡುಕುಟುಂಬವಿದ್ದರೆ? ಆಗ ಅಣ್ಣತಮ್ಮಂದಿರು ಉಳಿದವರೇ ಒಡೆಯರು. ವಿಧವೆಗೆ ಅನ್ನವಸ್ತ್ರ, ಹೆಣ್ಣುಮಕ್ಕಳಿಗೆ ಮದುವೆಯ ಖರ್ಚು. ಮನೆಮನೆಗೆ ಒಬ್ಬ ಕಾಲಿನ್ಸ್.

ಮತ್ತು ಪ್ರಾಂತಗಳು ಒಡೆದಿದ್ದ ಕಾಲದಲ್ಲಿ ಕನ್ನಡದ ಹೆಣ್ಣು ಮೂರು ಕಾಯ್ದೆಗಳ ಕೆಳಗೆ ಮೂರು ವಿಧವಾಗಿ ಅಳುತ್ತಿದ್ದಳೆಂಬದನ್ನು ಏಕೀಕರಣದ ಇತಿಹಾಸ ಬರೆಯುವವರು ಸಾಕಷ್ಟು ಹೇಳಿಲ್ಲ. ಮೈಸೂರು ಸಂಸ್ಥಾನದಲ್ಲಿ 1933ರ ಕಾಯ್ದೆಯು ಹಿಂದೂ ಸ್ತ್ರೀಯರಿಗೆ ಕೆಲವು ಹಕ್ಕುಗಳನ್ನು ಕೊಟ್ಟಿತು. ಬ್ರಿಟಿಶ್ ಹಿಂದುಸ್ತಾನದಲ್ಲಿ 1937ರ ಕಾಯ್ದೆಯು ವಿಧವೆಗೆ ಪತಿಯ ಆಸ್ತಿಯಲ್ಲಿ ಒಂದು ಸೀಮಿತ ಹಕ್ಕನ್ನು ಕೊಟ್ಟಿತು. ಕೊಪ್ಪಳವೋ ನಿಜಾಮರ ರಾಜ್ಯದಲ್ಲಿ ಸಾಲಾರಜಂಗರ ಜಹಗೀರು. ನದಿಯಾಚೆಯ ಹೊಸಪೇಟೆಯು ಮದ್ರಾಸ ಇಲಾಖೆ. ಪಶ್ಚಿಮಕ್ಕೆ ಕೆಲವೇ ಹರದಾರಿ ನಡೆದರೆ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆ. ಅಕ್ಕನನ್ನು ಹೊಸಪೇಟೆಗೂ ತಂಗಿಯನ್ನು ಮುನಿರಾಬಾದದ ಈಚೆಗೂ ಕೊಟ್ಟರೆ, ಇಬ್ಬರೂ ವಿಧವೆಯರಾದ ದಿವಸ ಇಬ್ಬರ ಹಕ್ಕು ಬೇರೆ ಬೇರೆ. ನಡುವೆ ಇದ್ದದ್ದು ಒಂದು ತುಂಗಭದ್ರೆ. ಏಕೀಕರಣವೆಂದರೆ ಭಾವನೆಯ ಮಾತು, ನಕಾಶೆಯ ಮಾತು ಎಂದು ಹಗುರಾಗಿ ನುಡಿಯುವವರು ಈ ಅಕ್ಕತಂಗಿಯರಿಗೆ ಏನು ಉತ್ತರ ಕೊಡುವರು?

ಗಂಡಿಲ್ಲದ ಮನೆಗೆ ನಮ್ಮ ಸೀಮೆಯು ತಾನೇ ಕಂಡುಕೊಂಡ ಒಂದು ಉಪಾಯವಿತ್ತು. ಅದನ್ನು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಲೇಬೇಕು. ತುಂಗಭದ್ರೆಯ ಎರಡೂ ದಡಗಳಲ್ಲಿ, ಗಂಡುಸಂತಾನವಿಲ್ಲದ ತಾಯಿತಂದೆಗಳು ಒಬ್ಬ ಮಗಳಿಗೆ ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿ ಬಸವಿಯನ್ನಾಗಿ ಬಿಡುವ ರೂಢಿಯಿತ್ತು. ಅವಳು ಲಗ್ನವಾಗದೆ ತವರಿನಲ್ಲಿಯೇ ಉಳಿದು, ಮಗನಂತೆ ಆಸ್ತಿಗೆ ವಾರಸಳಾಗುವಳು. ತಂದೆಯ ಉತ್ತರಕ್ರಿಯೆಯನ್ನೂ ಮಾಡುವಳು. ಅವಳ ಮಕ್ಕಳಿಂದ ಮನೆತನ ಮುಂದುವರಿಯುವದು. ಇದಕ್ಕೆ ಅವಳು ಕೊಟ್ಟ ಬೆಲೆ ಯಾವದೆಂಬದನ್ನು ಬರೆಯಬೇಕಾಗಿಲ್ಲ. ಕಾಲ ಕೆಟ್ಟಂತೆ ವಾರಸಿಕೆಯ ಮಾತು ಹಿಂದೆ ಬಿದ್ದು, ಆಸ್ತಿಯೇ ಇಲ್ಲದ ದಲಿತರ ಮನೆಗಳ ಹುಡುಗಿಯರಿಗೆ ಆ ಬೆಲೆಯೊಂದೇ ಉಳಿಯಿತು. 1982ರ ಕಾಯ್ದೆಯು ದೇವದಾಸಿ ಬಿಡುವದನ್ನು ಅಪರಾಧವೆಂದು ಸಾರಿತು. ಶಾರ್ಲಟ್ ಲೂಕಸಳಿಗಾಗಿ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ನಾಲ್ಕು ಪುಟ ಕಣ್ಣೀರು ಸುರಿಸುವ ನಮ್ಮ ಪದವೀಧರನು, ತಾನು ಬಸ್ಸು ಹತ್ತುವ ಊರಿನಲ್ಲಿಯೇ ಮನೆ ಉಳಿಸಲು ಮೈ ಕೊಟ್ಟ ಮಗಳ ಸಂಗತಿಯನ್ನು ಎಂದೂ ಕೇಳಿ ತಿಳಿದವನಲ್ಲ. ಬರೆಯತಕ್ಕ ಸಮಾಜವಿಲ್ಲವಂತೆ!

ಹಾಗಾದರೆ ಅದು ಏಕೆ ಬರೆಯಲ್ಪಡಲಿಲ್ಲ? ಇಲ್ಲಿ ಭಾಷೆಯ ಪ್ರಶ್ನೆ ಬರುತ್ತದೆ. ಬೆನೆಟ್ ಬಾಯಿಯು ಕಾಯ್ದೆಯನ್ನು ಅರಿಯಳು ನಿಜ. ಆದರೆ ಕಾಯ್ದೆಯ ಶಬ್ದವು ಅವಳ ಬಾಯಲ್ಲಿತ್ತು. ಎಂಟೇಲ್ ಎಂಬ ಶಬ್ದವನ್ನು ಆಕೆ ರೊಟ್ಟಿಗೆ ಬೆಣ್ಣೆ ಸವರುವಾಗ ಆಡುತ್ತಾಳೆ, ನೆರೆಯವರೊಡನೆ ಆಡುತ್ತಾಳೆ, ತಪ್ಪಾಗಿ ಆಡುತ್ತಾಳೆ, ಆದರೂ ಆಡುತ್ತಾಳೆ. ಕೋರ್ಟಿನ ಮಾತೂ ಅಡಿಗೆಮನೆಯ ಮಾತೂ ಅವಳಿಗೆ ಒಂದೇ ನುಡಿ. ಆದುದರಿಂದಲೇ ಒಬ್ಬ ಪಾದ್ರಿಯ ಮಗಳು, ಕಾಲೇಜಿನ ಮುಖ ನೋಡದವಳು, ಆಸ್ತಿಯ ಕಾಯ್ದೆಯನ್ನು ಕಥೆಯ ಎಳೆಯನ್ನಾಗಿ ನೇಯ್ದಳು. ನಮ್ಮಲ್ಲಿ? ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಕೊಪಣವೂ ಒಂದು. ಅದೇ ನಮ್ಮ ಕೊಪ್ಪಳ. ಅಂಥ ತಿರುಳಿನ ಊರಿನಲ್ಲಿ ಕಾಯ್ದೆಯು ಎಂದು ಕನ್ನಡ ಮಾತಾಡಿತು? ಗವಿಮಠದ ಬಂಡೆಯ ಮೇಲೆ ಅಶೋಕನ ಅಪ್ಪಣೆಯು ಪ್ರಾಕೃತದಲ್ಲಿ. ವಿಜ್ಞಾನೇಶ್ವರನ ಗ್ರಂಥವು ಸಂಸ್ಕೃತದಲ್ಲಿ. ನಿಜಾಮರ ಕಚೇರಿಯು ಮೊದಲು ಪಾರಸಿಯಲ್ಲಿ, 1880ರ ದಶಕದಿಂದ ಉರ್ದುವಿನಲ್ಲಿ. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯವು ಹಿಂದುಸ್ತಾನದ ನುಡಿಯೊಂದರಲ್ಲಿ ಉಚ್ಚಶಿಕ್ಷಣ ಕೊಟ್ಟಿತೆಂಬದು ದೊಡ್ಡ ಸಂಗತಿಯೇ. ಆದರೆ ಆ ನುಡಿಯು ಕೊಪ್ಪಳದ ಮನೆಗಳ ಬಹುಜನರ ನುಡಿಯಾಗಿರಲಿಲ್ಲ.

ಉರ್ದುವಿನ ಮೇಲೆ ನನಗೆ ದ್ವೇಷವಿಲ್ಲ. ಅದು ಸವಿಯಾದ ಭಾಷೆ, ನಮ್ಮ ನೆರೆಹೊರೆಯ ಸಹೋದರರ ಭಾಷೆ. ವಕೀಲ, ದಾವೆ, ತಕರಾರು, ಜಾಮೀನು, ಫೈಸಲು ಎಂಬ ಶಬ್ದಗಳನ್ನು ನಮ್ಮ ರೈತನು ಎಂದೋ ಕನ್ನಡ ಮಾಡಿಕೊಂಡಿದ್ದಾನೆ. ಅವನ್ನು ಕಿತ್ತು ಸಂಸ್ಕೃತದ ಹೊಸ ಶಬ್ದ ತುರುಕುವವರ ಜೊತೆಗೆ ನಾನಿಲ್ಲ. ನನ್ನ ಜಗಳವು ಶಬ್ದದೊಡನೆಯಲ್ಲ, ಕಾಗದದೊಡನೆ. ಒಂದು ಹೆಣ್ಣಿನ ಅನ್ನವನ್ನು ನಿರ್ಣಯಿಸುವ ಕಾಗದವನ್ನು ಅವಳೆದುರಿಗೆ ಓದಿದಾಗ ಅವಳಿಗೆ ತಿಳಿಯದಿದ್ದರೆ, ಅವಳು ಬಯ್ಯಲೂ ಆರಳು. ಬಯ್ಯಲಾಗದ ಮನೆಯಲ್ಲಿ ಕಾದಂಬರಿ ಹುಟ್ಟುವದೆಲ್ಲಿಂದ?

ಅವಕಾಶ ದೊರೆತಲ್ಲಿ ಕನ್ನಡವು ಹಿಂದೆ ಬಿದ್ದಿಲ್ಲ. ಮಂಗಳೂರಿನಲ್ಲಿ 1899ರಷ್ಟು ಹಿಂದೆಯೇ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಅಚ್ಚಾಯಿತು. ಬಾಲವಿಧವೆಯಾದ ಇಂದಿರೆ, ಹಣದಾಸೆಯ ತಂದೆ ಭೀಮರಾಯ, ಭಕ್ತಿಯ ವೇಷ ತೊಟ್ಟ ಸಂತಮಂಡಳಿ, ಕೊನೆಗೆ ವಿದ್ಯೆ ಮತ್ತು ಪುನರ್ವಿವಾಹ. ಗುಲ್ವಾಡಿಯವರು ಪೋಲೀಸ ಖಾತೆಯಲ್ಲಿ ಸೇವೆ ಮಾಡಿದವರು. ಊರಿನ ಒಳಗುಟ್ಟನ್ನು ಬಲ್ಲವರು. ಆಸ್ಟೆನ್ನಳ ಸೂಕ್ಷ್ಮತೆ ಅದರಲ್ಲಿಲ್ಲವೆನ್ನುವವರುಂಟು. ಉಪದೇಶವು ಸ್ವಲ್ಪ ಹೆಚ್ಚೆಂದು ನಾನೂ ಒಪ್ಪುವೆನು. ಆದರೆ ಕನ್ನಡದ ಬೆಳೆಯಲ್ಲವೆಂಬ ಮಾತು ಅಂದೇ ಬಿದ್ದುಹೋಯಿತು.

1948ರ ಸೆಪ್ಟೆಂಬರದಲ್ಲಿ ನಿಜಾಮರ ಆಳಿಕೆ ಮುಗಿಯಿತು. ಮುಂಡರಗಿಯ ಶಿಬಿರದಿಂದ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳುತನದಲ್ಲಿ ತರುಣರು ಹೋರಾಡಿದ್ದು ವಾಚಕರಿಗೆ ಗೊತ್ತಿದ್ದದ್ದೇ. 1956ರ ನವೆಂಬರ 1ರಂದು ರಾಯಚೂರು ಜಿಲ್ಲೆಯೊಡನೆ ಈ ನಾಲ್ಕು ತಾಲೂಕುಗಳು ಕನ್ನಡ ರಾಜ್ಯವನ್ನು ಸೇರಿದವು; 1997ರಲ್ಲಿ ಅವೇ ಕೂಡಿ ಪ್ರತ್ಯೇಕ ಜಿಲ್ಲೆಯಾದವು. ಕಾಯ್ದೆಯೂ ಬದಲಾಯಿತು. 1994ರಲ್ಲಿ ಕರ್ನಾಟಕವು ಅಲ್ಲಿಯ ತನಕ ಲಗ್ನವಾಗದ ಹೆಣ್ಣುಮಕ್ಕಳಿಗೆ ಮನೆತನದ ಆಸ್ತಿಯಲ್ಲಿ ಮಗನ ಸಮನಾದ ಪಾಲು ಕೊಟ್ಟಿತು. 2005ರಲ್ಲಿ ಇಡೀ ದೇಶಕ್ಕೆ, ಲಗ್ನವಾದವರನ್ನೂ ಕೂಡಿಸಿ, ಆ ಹಕ್ಕು ಬಂದಿತು. ಅದು ಹುಟ್ಟಿನಿಂದಲೇ ಬರುವ ಹಕ್ಕೆಂದೂ, ತಂದೆಯು 2005ರಲ್ಲಿ ಬದುಕಿದ್ದಿರಬೇಕೆಂಬ ನಿರ್ಬಂಧವಿಲ್ಲವೆಂದೂ 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಇಂಗ್ಲಂಡದಲ್ಲಿ ಕಾಗದವು ಕಸಿದುಕೊಂಡದ್ದನ್ನು ನಮ್ಮಲ್ಲಿ ಕಾಯ್ದೆಯು ಕೊಟ್ಟಿತು.

ಕೊಟ್ಟದ್ದನ್ನು ಈಗ ತೆಗೆದುಕೊಳ್ಳುವದು ಯಾವದು? ಸಭ್ಯತೆ! ಗಂಗಾವತಿಯ ನೀರಾವರಿ ಭೂಮಿಯಿರಲಿ, ಕುಷ್ಟಗಿಯ ಮಳೆ ನಂಬಿದ ಹೊಲವಿರಲಿ, ಪಾಲುಪತ್ರದ ಮುನ್ನಾದಿನ ತಂಗಿಯನ್ನು ಕರೆಸುವರು. ಸೀರೆ ಕುಬಸ ಕೊಡುವರು, ಹೋಳಿಗೆ ಉಣಿಸುವರು. ಮರುದಿನ ನೋಂದಣಿ ಕಚೇರಿಯಲ್ಲಿ ‘ಹಕ್ಕು ಬಿಡುಗಡೆ ಪತ್ರ’ಕ್ಕೆ ಅವಳ ಹೆಬ್ಬೆಟ್ಟು. ಯಾರೂ ಹೊಡೆಯುವದಿಲ್ಲ, ಬೆದರಿಸುವದಿಲ್ಲ. ಪಾಲು ಕೇಳಿದರೆ ಪಂಚಮಿಗೆ ಅಣ್ಣನು ಕರೆಯಲು ಬರುವದಿಲ್ಲವೆಂಬದು ಅವಳಿಗೆ ಹೇಳದೆಯೇ ಗೊತ್ತು. ಒಂದು ಪಂಚಮಿಯ ಜೋಕಾಲಿಗೆ ಎರಡು ಎಕರೆ. ಅಂಥ ಪತ್ರಗಳನ್ನು ಬರೆಯುವ ಕಸುಬಿನವರು ನಾವೇ. ಅದರ ಕನ್ನಡವೋ ‘ಸದರಿ’ಯಿಂದ ತೊಡಗಿ ‘ಯಾವತ್ತೂ ತಂಟೆ ತಕರಾರಿಲ್ಲದೆ’ ತನಕ ಒಂದೇ ಉಸಿರಿನ ವಾಕ್ಯ. ಲಿಪಿ ಕನ್ನಡವಾಯಿತು, ಮಾತು ಇನ್ನೂ ಆಕೆಯದಾಗಿಲ್ಲ. ಮೇಲಿನ ಕೋರ್ಟಿಗೆ ಹೋದರೆ ಅದೂ ಇಲ್ಲ. ಸಂವಿಧಾನದ 348ನೆಯ ಅನುಚ್ಛೇದದಲ್ಲಿ ಪ್ರಾಂತಭಾಷೆಗೆ ಬಾಗಿಲು ತೆರೆದಿದ್ದರೂ, ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳ ಉಚ್ಚ ನ್ಯಾಯಾಲಯಗಳಲ್ಲಿ ಹಿಂದಿಗೆ ದೊರೆತ ಅಪ್ಪಣೆಯು ಕನ್ನಡಕ್ಕೆ ಇನ್ನೂ ದೊರೆತಿಲ್ಲ. ನಕಾಶೆಯ ಏಕೀಕರಣವಾಯಿತು, ಮನೆಗೂ ನ್ಯಾಯಾಸನಕ್ಕೂ ನಡುವೆ ಆಗಬೇಕಾದ ಏಕೀಕರಣವು ಬಾಕಿಯಿದೆ, ಮತ್ತು ಅದನ್ನು ಕೇಳುವದು ನಮ್ಮ ಹಕ್ಕು.

ಮಾಸ್ತರರಿಗೆ ಒಂದು ಬಿನ್ನಹ. ಹದಿಮೂರನೆಯ ಅಧ್ಯಾಯವನ್ನು ಪಾಠ ಹೇಳುವಾಗ ಎಂಟೇಲ್ ಎಂಬದಕ್ಕೆ ಹುಡುಗರಿಂದ ಕನ್ನಡ ಶಬ್ದ ಕೇಳಿರಿ. ನಿಘಂಟನ್ನು ಮುಚ್ಚಿಸಿ, ಮನೆಗೆ ಹೋಗಿ ಅಜ್ಜಿಗೆ ಕಥೆ ಹೇಳಿ, ಅವಳು ಅದನ್ನು ಏನೆಂದು ಕರೆಯುವಳೋ ಬರೆದುಕೊಂಡು ಬರಲು ಹೇಳಿರಿ. ನನಗೆ ತಿಳಿದ ಮಟ್ಟಿಗೆ ‘ಗಂಡಿಗೆ ಕಟ್ಟಿದ ಹೊಲ’ ಎಂದರೆ ಸಾಕಾದೀತು. ಇದಕ್ಕಿಂತ ಚೆನ್ನಾದ ಶಬ್ದ ಕುಷ್ಟಗಿಯ ಕಡೆಯಿಂದ ಬಂದರೆ ನನ್ನದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.